ಕಾಲಿನಿಂದ ಕೈಗೆ ಬಂದ ನರ

"ಕಣ್ಣು ಮುಚ್ಚಮ್ಮ. ಇಣುಕಿದ್ರೆ ಔಟು!"

ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಅಮ್ಮ ಕಣ್ಣು ಮುಚ್ಚಿ ಎಡಗೈ ಚಾಚಿದಳು. ಮಗಳು ಚೂಟಿ ಪೆನ್ಸಿಲ್ಲಿನಿಂದ ಅವಳ ತೋರುಬೆರಳನ್ನು ಮೆಲ್ಲಗೆ ಮುಟ್ಟಿದಳು.

"ಗೊತ್ತಾಯ್ತಾ?"

"ಓ, ಗೊತ್ತಾಯ್ತು ಕಣೇ! ನಿನ್ನೆಗಿಂತ ಜಾಸ್ತಿ."

ಚೂಟಿಯ ಎದೆ ಹಗುರವಾಯಿತು.

ಎರಡು ತಿಂಗಳ ಹಿಂದೆ ಅವಳು ಮನೆಯೊಳಗೆ ಚೆಂಡು ಎಸೆದು ಗಾಜಿನ ಜಗ್ ಒಡೆದಿದ್ದಳು. ಚೂರು ಆರಿಸಲು ಹೋದ ಅಮ್ಮನ ಅಂಗೈ ಸೀಳಿ, ಒಳಗಿನ ನರ ತುಂಡಾಗಿತ್ತು. ಎರಡು ಬೆರಳಿಗೆ ಬಿಸಿ, ತಂಪು, ಮುಟ್ಟಿದ್ದು ಯಾವುದೂ ತಿಳಿಯದಂತಾಯಿತು.

ಡಾಕ್ಟರಮ್ಮ ಅಮ್ಮನ ಕಾಲಿನಿಂದ ನರದ ತುಂಡೊಂದನ್ನು ತೆಗೆದು ಅಂಗೈಯೊಳಗೆ ಹೊಲಿದಿದ್ದರು. ಆ ನರದ ದಾರಿಯನ್ನು ಚೂಟಿಯ ಕಾಲಿನ ಮೇಲೇ ಗೆರೆ ಎಳೆದು ತೋರಿಸಿದ್ದರು: ಮೀನಖಂಡದ ಹಿಂದೆ ಇಳಿದು, ಹೊರಗಿನ ಹರಡಿನ ಮೂಳೆಯನ್ನು ಸುತ್ತಿ, ಕಿರುಬೆರಳಿನ ತನಕ.

"ಮುಟ್ಟಿದ್ದನ್ನ ತಿಳಿಸೋದಷ್ಟೇ ಇದರ ಕೆಲಸ. ನಡೆಯೋಕೆ ಇದು ಬೇಡ. ಪಾದದ ಅಂಚು ಮರಗಟ್ಟಿರುತ್ತೆ, ಅಷ್ಟೆ."

"ಹಾಗಾದ್ರೆ ಕೈಗೆ ಕಚಗುಳಿ ಇಟ್ರೆ ಕಾಲು ನಗುತ್ತಾ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಇಲ್ಲ ಮರಿ. ಇದು ಬರೀ ದಾರಿ. ಕೈಯ ನರ ಇದರೊಳಗೆ ಬೆಳ್ಕೊಂಡು ಬರ್ಬೇಕು. ದಿನಕ್ಕೆ ಒಂದು ಮಿಲಿಮೀಟರ್."

ಆ ಸಂಜೆಯ ಆಟ ಮುಗಿಸಿ ಅಮ್ಮ ಬಿಳಿ ಶರಟಿಗೆ ಗುಂಡಿ ಹೊಲಿಯತೊಡಗಿದಳು. ಚೂಟಿ ಹೋಂವರ್ಕಿನಿಂದ ತಲೆ ಎತ್ತಿದಾಗ ಶರಟಿನ ಮೇಲೆ ಕೆಂಪು ಚುಕ್ಕೆ ಇತ್ತು.

"ಅಮ್ಮಾ, ರಕ್ತ!"

ಸೂಜಿ ಅಮ್ಮನ ಅದೇ ತೋರುಬೆರಳಿಗೆ ಚುಚ್ಚಿತ್ತು. ಅಮ್ಮ "ಸ್" ಎಂದು ಸಹ ಅಂದಿರಲಿಲ್ಲ.

"ಅಯ್ಯೋ, ಗಿರಾಕಿ ಶರಟು!" ಎನ್ನುತ್ತಾ ಅವಳು ನಲ್ಲಿಯ ಕಡೆ ಓಡಿದಳು.

"ನೋವಾಗ್ಲಿಲ್ವಾ?"

"ಆಯ್ತು... ಸ್ವಲ್ಪ." ಅಮ್ಮ ತಿರುಗಿ ನೋಡಲಿಲ್ಲ. ಕಲೆಯನ್ನೇ ಉಜ್ಜುತ್ತಿದ್ದಳು.

ಚೂಟಿ ಪೆನ್ಸಿಲ್ ಹಿಡಿದು ಹಾಗೇ ನಿಂತಳು. ಪ್ರತಿ ಸಂಜೆಯೂ ಅಮ್ಮ ಉತ್ತರ ಕೊಟ್ಟಿದ್ದು ತಾನು ಮುಟ್ಟಿದಾಗಲ್ಲ. "ಗೊತ್ತಾಯ್ತಾ" ಎಂದು ಕೇಳಿದ ಮೇಲಷ್ಟೇ.

ಮರುದಿನ ಸಂಜೆ ಅಮ್ಮ ತಾನಾಗಿಯೇ ಕಣ್ಣು ಮುಚ್ಚಿ ಕೈ ಚಾಚಿದಳು. "ಬಾರೇ, ಆಟ ಇಲ್ವಾ?"

"ಇವತ್ತು ಬೇಡಮ್ಮ." ಚೂಟಿ ಹೊಲಿಗೆ ಡಬ್ಬಿಯಲ್ಲಿ ಹುಡುಕಿ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಪುಟ್ಟ ಲೋಹದ ಟೋಪಿಯನ್ನು ತಂದಳು. "ದಿನಕ್ಕೆ ಒಂದೇ ಮಿಲಿಮೀಟರ್ ಅಲ್ವಾ? ನರ ಬರೋ ತನಕ ಇದನ್ನ ಹಾಕ್ಕೋ."

ಅಮ್ಮ ಕಣ್ಣು ತೆರೆದಳು. ಚೂಟಿಯ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು.

ಆಮೇಲೆ ತೋರುಬೆರಳನ್ನು ಮುಂದೆ ಮಾಡಿದಳು.