ನಾಲೆಯ ಕಾವಲು

ಬೆಳಗಿನ ಏಳು ಗಂಟೆಗೆ ನಾಲೆಯ ಉಕ್ಕಿನ ಬಾಗಿಲು ತಾನಾಗಿಯೇ ಇಳಿದು ಮುಚ್ಚಿಕೊಂಡಿತು. ಆ ವಾರದಲ್ಲಿ ಅದು ಐದನೆಯ ಸಲ. ಪಕ್ಕದ ಕಂಬದಲ್ಲಿ ಕೆಂಪು ದೀಪ ಹೊತ್ತಿತು. ಕೆಳಗಿನ ಹರಳಕೊಪ್ಪಲಿಗೆ ಹರಿಯುತ್ತಿದ್ದ ನೀರು ನೋಡುತ್ತಿದ್ದಂತೆಯೇ ನಿಂತಿತು.

ಕಂಬದೊಳಗಿದ್ದದ್ದು ಅಣುಜೀವಿ ಶೋಧಕ. ನೀರಿನಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಎಷ್ಟಿವೆಯೆಂದು ತಿಳಿಯಲು ಹಿಂದೆ ಪ್ರಯೋಗಾಲಯದಲ್ಲಿ ಇಡೀ ದಿನ ಕಾಯಬೇಕಿತ್ತು. ಇದಕ್ಕೆ ಹನ್ನೊಂದು ನಿಮಿಷ ಸಾಕು. ಇದರ ಗಾಜಿನ ಬಿಲ್ಲೆಗೆ ಬಳಿದ ‘ಹಿಡಿಕಣ’ಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಮಾತ್ರ ಅಂಟಿಸಿಕೊಂಡು ಮಿನುಗುತ್ತವೆ. ಉಪಕರಣ ಆ ಚುಕ್ಕೆಗಳನ್ನು ಎಣಿಸುತ್ತದೆ, ಮಿತಿ ಮೀರಿದರೆ ಬಾಗಿಲು ಮುಚ್ಚುತ್ತದೆ. ಮೇಲಿನ ಊರಾದ ಮೇಲುಕಟ್ಟೆಯಲ್ಲಿ ಬೆಳೆಯುವುದು ಕಬ್ಬು, ಅದಕ್ಕೆ ಕೆಟ್ಟ ನೀರಾದರೂ ನಡೆಯುತ್ತದೆ. ಹರಳಕೊಪ್ಪಲಿನ ಕೊತ್ತಂಬರಿ, ಮೂಲಂಗಿಯನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ. ೨೦೫೯ರಲ್ಲಿ ಆ ಸೊಪ್ಪು ತಿಂದು ಒಂದೇ ಮದುವೆಮನೆಯಲ್ಲಿ ಒಂಬತ್ತು ಮಂದಿ ಸತ್ತಿದ್ದರು. ಆಮೇಲೆಯೇ ವಿಜ್ಞಾನಿ ಶಾರ್ವರಿ ಇದನ್ನು ರೂಪಿಸಿದ್ದು.

ಅವಳು ಜೀಪಿನಿಂದ ಇಳಿದಾಗ ಹರಳಕೊಪ್ಪಲಿನ ಚಿಕ್ಕತಾಯಮ್ಮ ದಡದಲ್ಲಿ ಕಾಯುತ್ತಿದ್ದಳು. ಅರ್ಧ ಎಕರೆ ಕೊತ್ತಂಬರಿಯೇ ಅವಳ ಜೀವನ.

“ಬನ್ನಿ ಮೇಡಮ್ಮೋರೆ. ನಮ್ ಸೊಪ್ಪು ಒಣಗೋದ್ ನೋಡಕ್ ಬಂದ್ರಾ?”

“ನೀರಲ್ಲಿ ಬ್ಯಾಕ್ಟೀರಿಯಾ ಮಿತಿಗಿಂತ ನಲವತ್ತು ಪಟ್ಟು ಇದೆ ಅಮ್ಮಾ. ಬಿಟ್ಟರೆ ಮತ್ತೆ ಯಾರಾದರೂ ಸಾಯುತ್ತಾರೆ.”

“ಎಲ್ಲಿಂದ ಬಂತು ಅಂತ ನಿಮ್ ಕಂಬ ಹೇಳಲ್ವಾ?”

“ಅದು ಎಣಿಸುತ್ತೆ, ಅಷ್ಟೇ.”

“ಹಂಗಾರೆ ಬನ್ನಿ, ನಾನ್ ತೋರುಸ್ತೀನಿ.”

ನಾಲೆಯ ಮೇಲಿನ ತಿರುವಿನಲ್ಲಿ ಹಸಿ ಸಗಣಿಯ ರಾಶಿ ನೀರಿಗೆ ಕರಗುತ್ತಿತ್ತು. ಮೇಲುಕಟ್ಟೆಯ ದೊಡ್ಡಸ್ವಾಮಿ ಖಾಲಿ ಮಂಕರಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಬಚ್ಚಿಟ್ಟುಕೊಳ್ಳುವ ಯೋಚನೆಯೂ ಅವನಿಗೆ ಇದ್ದಂತಿರಲಿಲ್ಲ.

“ಸಗಣಿ ಹಾಕುದ್ರೆ ಬಾಗ್ಲು ಮುಚ್ಚುತ್ತೆ, ನೀರು ನಮ್ ಕಬ್ಬಿಗೆ ನಿಲ್ಲುತ್ತೆ. ನಾವೇನ್ ಬಾಗ್ಲು ಮುಟ್ಟಿದ್ವಾ? ಮುಚ್ಚಿದ್ದು ನಿಮ್ ಮಿಷಿನ್ನು.”

ಚಿಕ್ಕತಾಯಮ್ಮ ಅವನ ಕಾಲಬುಡಕ್ಕೆ ಉಗುಳಿದಳು. ಆಮೇಲೆ ಶಾರ್ವರಿಯ ಕಡೆ ತಿರುಗಿದಳು. “ಇವ್ರು ನೀರು ಕದೀತಿದ್ರು ಮೇಡಮ್, ಕೆಡುಸ್ತಿರ್ಲಿಲ್ಲ. ಇದ್ನ ಕಲ್ಸಿದ್ದು ನೀವು.”

ಶಾರ್ವರಿಗೆ ಮೈಯೆಲ್ಲ ಉರಿಯಿತು. ಅಂದು ಮಧ್ಯಾಹ್ನವೇ ಅವಳು ಉಪಕರಣದ ನಿಯಮ ಬದಲಿಸಿದಳು. ಇನ್ನು ಮಿತಿ ಮೀರಿದರೆ ನಾಲೆಗೆ ನೀರು ಬಿಡುವ ಕೆರೆಯ ತೂಬೇ ಮೂರು ದಿನ ಮುಚ್ಚುತ್ತದೆ. ಎರಡು ಊರಿಗೂ ಹನಿ ನೀರಿಲ್ಲ. ಅದನ್ನು ಸಿಟ್ಟಿನಲ್ಲಿ ಮಾಡಿದ್ದೆಂದು ಅವಳಿಗೂ ಗೊತ್ತಿತ್ತು.

ಸಗಣಿ ಬೀಳುವುದು ನಿಂತಿತು. ಆದರೂ ನಾಲ್ಕನೆಯ ದಿನ ಯಾವುದರಿಂದಲೋ ಮಿತಿ ಮೀರಿ ತೂಬು ಮುಚ್ಚಿತು. ಕೊಪ್ಪಲಿನವರು ಹಗೆ ತೀರಿಸಿಕೊಂಡರೆಂದು ಮೇಲುಕಟ್ಟೆಯವರು, ಮೇಲುಕಟ್ಟೆಯವರದೇ ಕೆಲಸವೆಂದು ಕೊಪ್ಪಲಿನವರು ಕೂಗಾಡಿದರು. ಮರುದಿನದಿಂದ ಒಂದು ದಡದಲ್ಲಿ ಆ ಊರಿನವರು, ಇನ್ನೊಂದು ದಡದಲ್ಲಿ ಈ ಊರಿನವರು ಕೋಲು ಹಿಡಿದು ನಿಂತರು. ದನ ತೊಳೆಯಲು ಬಂದವನೊಬ್ಬನ ಕೈ ಮುರಿಯಿತು.

ಇಪ್ಪತ್ತನೆಯ ದಿನ ಶಾರ್ವರಿ ಬಂದಾಗ ಬಿಲ್ಲೆಯ ಮೇಲೆ ಒಂದೂ ಚುಕ್ಕೆ ಮಿನುಗಲಿಲ್ಲ. ಅಷ್ಟು ಶುದ್ಧವಾದ ನಾಲೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ. ಖುಷಿಯಿಂದ ಮೇಲಧಿಕಾರಿಗೆ ಫೋನ್ ಮಾಡುತ್ತಿದ್ದಾಗ ಕೊಪ್ಪಲಿನವರ ದಡದಿಂದ ನಾಲೆಗಿಳಿಯುವ ಮೆಟ್ಟಿಲ ಬಳಿ ಕೂಗು ಕೇಳಿಸಿತು.

“ಅಲ್ಲೇ ನಿಲ್ಲು!” ಚಿಕ್ಕತಾಯಮ್ಮ ಕೋಲು ಎತ್ತಿದ್ದಳು. ಎದುರಿಗೆ ಕಂಕುಳಲ್ಲಿ ಮಗು, ಕೈಯಲ್ಲಿ ಬಟ್ಟೆಯ ಬಕೆಟ್ಟು ಹಿಡಿದ ಹುಡುಗಿ.

“ಅವ್ವಾ, ನಾನು ಕಣವ್ವಾ.” ಅವಳು ಚಿಕ್ಕತಾಯಮ್ಮನ ಮಗಳು ರತ್ನಮಾಲ, ಮೇಲುಕಟ್ಟೆಗೆ ಕೊಟ್ಟು ಎರಡು ವರ್ಷವಾಗಿತ್ತು. “ಮೋಟ್ರು ಕೆಟ್ಟು ಮೂರು ದಿನದಿಂದ ನಲ್ಲೀಲಿ ನೀರಿಲ್ಲ. ಆ ದಡದಲ್ಲಿ ನಮ್ಮೋರೂ ಇಳಿಯಾಕ್ ಬಿಡ್ಲಿಲ್ಲ. ಮಗೀಗೆ ಭೇದಿ. ಈ ಬಟ್ಟೆ ಒಕ್ಕೊಂಡು ಹೋಯ್ತೀನಿ.”

“ಆ ಬಟ್ಟೆ ಅದ್ದುದ್ರೆ ತೂಬು ಮುಚ್ಚುತ್ತೆ.”

“ಹೋಗ್ಲಿ, ಒಂದ್ ಬಕೆಟ್ಟು ನೀರಾದ್ರೂ ತಕ್ಕೊಳ್ಲಾ?”

“ಮೇಲುಕಟ್ಟೆಯೋರು ಈ ಮೆಟ್ಲು ಇಳಿಯಂಗಿಲ್ಲ. ಊರೋರು ಸೇರಿ ಮಾಡಿರೋ ತೀರ್ಮಾನ.”

ರತ್ನಮಾಲ ತಾಯಿಯ ಮುಖ ನೋಡಿದಳು. ಮಗುವನ್ನು ಕಂಕುಳಲ್ಲಿ ಮೇಲಕ್ಕೆಳೆದುಕೊಂಡು ಹಿಂತಿರುಗಿದಳು.

ಅವಳಿಗೆ ನೀರು ತುಂಬಿಕೊಡಲು ಶಾರ್ವರಿ ಜೀಪಿನಿಂದ ಖಾಲಿ ಕ್ಯಾನ್ ಎಳೆದುಕೊಂಡು ಮೆಟ್ಟಿಲ ಕಡೆಗೆ ಓಡಿದಳು. ಎದುರು ದಡದಿಂದ ದೊಡ್ಡಸ್ವಾಮಿ ಗದರಿದ: “ನೀರು ಮುಟ್ಬೇಡಿ ಮೇಡಮ್! ಆ ಕ್ಯಾನು ಎಲ್ಲೆಲ್ಲಿ ಇಟ್ಟಿದ್ರೋ ಏನೋ!”

“ಈ ಉಪಕರಣ ಮಾಡಿದ್ದೇ ನಾನು!”

“ಗೊತ್ತು,” ಎಂದಳು ಚಿಕ್ಕತಾಯಮ್ಮ, ಕೋಲನ್ನು ಅವಳಿಗೆ ಅಡ್ಡ ಹಿಡಿದು. “ಅವ್ನು ಸರಿಯಾಗೇ ಹೇಳ್ತಾವ್ನೆ. ಹಿಂದಕ್ ಹೋಗಿ.”

ಎರಡು ದಡದವರೂ ಒಂದೇ ಮಾತಾಡಿದ್ದು ಆ ತಿಂಗಳಲ್ಲಿ ಅದೇ ಮೊದಲು. ಶಾರ್ವರಿ ಖಾಲಿ ಕ್ಯಾನ್ ಹಿಡಿದು ನಿಂತಳು. ಮಗುವಿನ ಅಳು ಕೇಳಿಸದಷ್ಟು ದೂರವಾದ ಮೇಲೆ ಚಿಕ್ಕತಾಯಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೋಲನ್ನು ಮಾತ್ರ ಬಿಡಲಿಲ್ಲ.