ಮೇಘಶ್ರೀ ಅಂದ್ರೆ ಯಾರ್ರೀ?

“ತಲೆ ಬಗ್ಗಿಸ್ಕೊ ಮಗ. ಗಂಡು ಬಂದ.”

ಸೋದರಮಾವ ಮರಿಯಣ್ಣ ಅಷ್ಟು ಹೇಳಿ ಕೈಯಲ್ಲಿದ್ದ ಪೇಪರನ್ನು ಮೇಘಶ್ರೀಯ ಮುಖಕ್ಕೆ ಅಡ್ಡ ಹಿಡಿದ.

ಅವಳು ಪೇಪರು ಸರಿಸಿ ನೋಡಿದಳು. ಹಾಸನದ ಹೃದಯದ ಆಸ್ಪತ್ರೆಯ ಬಾಗಿಲಲ್ಲಿ ನಂಜುಂಡೇಶ್ ನಿಂತಿದ್ದ. ಹೋದ ತಿಂಗಳು ನುಗ್ಗೇಹಳ್ಳಿಗೆ ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ಒಪ್ಪಿಗೆ ಹೇಳಿ ಹೋದವನು. ಕೊಣನೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಬರುವ ಭಾನುವಾರ ಅವನ ಕಡೆಯವರು ಮದುವೆ ಗೊತ್ತುಮಾಡುವ ಎಲೆಅಡಿಕೆ ಶಾಸ್ತ್ರಕ್ಕೆ ಬರುವವರಿದ್ದರು.

ಅವನೂ ಅವಳನ್ನು ನೋಡಿದ. ಇಬ್ಬರ ಕಣ್ಣೂ ಒಂದು ಕ್ಷಣ ಅಲ್ಲೇ ಸಿಕ್ಕಿಹಾಕಿಕೊಂಡವು...

‘ಮುಗೀತು. ನನ್ನನ್ನ ವಿಚಾರಿಸೋಕೇ ಬಂದಿದ್ದಾನೆ’ ಅಂದುಕೊಂಡಳು ಮೇಘಶ್ರೀ.

ಅವಳು ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಈಚೆಗೊಂದು ಬೆಳಿಗ್ಗೆ ತುಂಬಿದ ಕ್ಯಾನು ಎತ್ತುವಾಗ ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲೆ ಬಂದಿತ್ತು. ಚನ್ನರಾಯಪಟ್ಟಣದ ಡಾಕ್ಟರು ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, “ಹೃದಯದ ಒಂದು ಎಕೋ ಸ್ಕ್ಯಾನ್ ಮಾಡಿಸಿಬಿಡಿ” ಅಂದಿದ್ದರು.

ಅಮ್ಮ ಲಕ್ಕಮ್ಮನಿಗೆ ಮಗಳ ಎದೆಗಿಂತ ಜನರ ಬಾಯಿಯದೇ ಭಯ. “ಇಲ್ಲಿ ಬ್ಯಾಡ, ಯಾರಾರ ನೋಡ್ತಾರೆ. ಆಸನಕ್ಕೆ ಕರ್ಕೊಂಡು ಓಗು ಮರಿಯಣ್ಣ. ಕೇಳಿದ್ರೆ ಅಲ್ಲು ಕೀಳ್ಸಕ್ಕೆ ಅನ್ನು” ಅಂದಿದ್ದಳು.

ಬೆಳಿಗ್ಗೆಯೇ ಇಸಿಜಿ, ಎಕೋ ಎರಡೂ ಆಗಿದ್ದವು. ಎಕೋ ಮಾಡಿದವನು ಏನೂ ಹೇಳಲಿಲ್ಲ. ಟಿ.ವಿ.ಯಂಥ ಪರದೆ ನೋಡುತ್ತಾ ಒಂದೇ ಒಂದು ಸಲ “ಹ್ಞೂಂ” ಅಂದ, ಅಷ್ಟೇ. ಡಾಕ್ಟರು ರೌಂಡ್ಸು ಮುಗಿಸಿ ಬಂದು ಹೇಳುತ್ತಾರೆ, ಕೂತಿರಿ ಅಂದರು. ಆಗಿನಿಂದ ಮೇಘಶ್ರೀ ಆ ಒಂದು ‘ಹ್ಞೂಂ’ ಅನ್ನೇ ಅಗಿಯುತ್ತಾ ಕೂತಿದ್ದಾಳೆ. ಡೇರಿಯಲ್ಲಿ ಯಾರ ಹಾಲಿಗೆ ನೀರು ಬಿದ್ದಿದೆ ಅಂತ ನಿಂತ ನಿಲುವಿನಲ್ಲೇ ಮುಖಕ್ಕೆ ಹೇಳುವವಳಿಗೆ ಹೀಗೆ ಕಾಯುವ ಕೆಲಸ ಬಂದೇ ಇರಲಿಲ್ಲ. ಕೈ ಸುಮ್ಮನೆ ನಡುಗುತ್ತಿತ್ತು.

ಈಗ ಇವನೊಬ್ಬ ಬೇರೆ.

ನಂಜುಂಡೇಶ್ ಹತ್ತಿರ ಬಂದ. “ಏನ್ ಮಾವ, ಇಲ್ಲಿ?”

ಮರಿಯಣ್ಣ ತಡಮಾಡದೆ ಎದೆಯ ಮೇಲೆ ಕೈ ಇಟ್ಟುಕೊಂಡ. “ನಂಗೇ ಕಣಪ್ಪ. ಒಸಿ ಎದೆ ಇಡ್ಕಂಡದೆ. ಪಾಪ, ಮಗ ಜೊತೆಗೆ ಬಂದದೆ.”

ಮೇಘಶ್ರೀ ಕಣ್ಣು ಮುಚ್ಚಿಕೊಂಡಳು. ‘ಹಲ್ಲು ಅನ್ನೋದೂ ಮರೆತುಬಿಟ್ಟನಲ್ಲ ದೇವರೇ...’

ನಂಜುಂಡೇಶ್ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟ. “ಎಡಗೈಗೆ ಜಗ್ತದಾ ಮಾವ?”

“ಎರಡೂ ಕೈಗೂ ಜಗ್ತದೆ.”

“ಬೆವರು?”

“ಬ್ಯಾಸಗೆ ಅಲ್ವಾ, ಬತ್ತದೆ.”

“ಕಾಲು?”

“ಕಾಲೂವೆ ಜಗ್ತದೆ ಕಣಪ್ಪ. ಎಲ್ಲಾ ಕಡೇನೂವೆ.”

ನಂಜುಂಡೇಶ್ ಅದೇ ಪೇಪರು ತಗೊಂಡು ಗಾಳಿ ಬೀಸಿದ. ಆಮೇಲೆ ಹೊರಗೆ ಹೋಗಿ ಎಳನೀರು ತಂದ. ಮರಿಯಣ್ಣ ಅದನ್ನು ಒಂದೇ ಉಸಿರಿಗೆ ಕುಡಿದು, ಒಳಗಿನ ಗಂಜಿಯನ್ನೂ ಕೆರೆದು ಕೆರೆದು ತಿನ್ನತೊಡಗಿದ.

“ಎದೆನೋವಿರೋರು ಹಿಂಗೆ ಕೆರ್ಕೊಂಡು ತಿಂತಾರಾ ಮಾವ?” ಹಲ್ಲು ಕಚ್ಚಿಕೊಂಡೇ ಕೇಳಿದಳು ಮೇಘಶ್ರೀ.

“ಎದೆಗೆ ಒಳ್ಳೇದು ಕಣವ್ವ. ಅಳಿಯಂದ್ರು ಪ್ರೀತಿಯಿಂದ ತಂದವ್ರೆ.”

“ಇನ್ನೊಂದು ತರ್ಲಾ?” ಅಂದ ನಂಜುಂಡೇಶ್.

“ಬೇಡ” ಅಂದಳು ಅವಳು. “ನೀವ್ಯಾಕೆ ಬಂದ್ರಿ ಹಾಸನಕ್ಕೆ?”

“ನಾನಾ? ಕಾಪರ್ ವೈರ್ ತಗಳಕ್ಕೆ.”

“ಆಸ್ಪತ್ರೇಲಿ ಮಾರ್ತಾರಾ?”

ಅವನು ಕತ್ತಿನ ಗುಂಡಿ ಮುಟ್ಟಿಕೊಂಡ. ಈ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಕತ್ತಿನವರೆಗೂ ಗುಂಡಿ. “ನೆಂಟರೊಬ್ರು ಅಡ್ಮಿಟ್ ಆಗವ್ರೆ.”

“ಯಾವ ವಾರ್ಡು?”

“ಅದನ್ನೇ ವಿಚಾರಿಸ್ಬೇಕು.”

ಮೇಘಶ್ರೀಗೆ ಮೈಯೆಲ್ಲಾ ಉರಿಯಿತು. ‘ವಿಚಾರಿಸು ವಿಚಾರಿಸು. ಚೆನ್ನಾಗಿ ವಿಚಾರಿಸ್ಕೊಂಡು ಹೋಗಿ ನಿಮ್ಮವ್ವಂಗೆ ಹೇಳು.’

ಅಷ್ಟರಲ್ಲಿ ನರ್ಸು ಬಾಗಿಲಿಂದ ಕೂಗಿದಳು. “ಮೇಘಶ್ರೀ ಅಂದ್ರೆ ಯಾರ್ರೀ? ಇನ್ನೊಂದ್ಸಲ ಇಸಿಜಿ ತೆಗೀಬೇಕು, ಬನ್ನಿ.”

ಮರಿಯಣ್ಣ ಎಳನೀರು ಬುರುಡೆ ಹಿಡಿದೇ ಎದ್ದು ನಿಂತ. “ನಾನೇ ಕಣವ್ವ.”

ನರ್ಸು ಅವನ ಮೀಸೆ ನೋಡಿದಳು, ಆಮೇಲೆ ಚೀಟಿ ನೋಡಿದಳು. “ನಿಮ್ಮ ಹೆಸ್ರು ಮೇಘಶ್ರೀನಾ?”

“ಊರಲ್ಲಿ ಅಂಗೇ ಕರೀತಾರೆ.”

ಕೂತಿದ್ದ ರೋಗಿಗಳೆಲ್ಲ ಎದೆನೋವು ಮರೆತು ನಕ್ಕರು. ಮೇಘಶ್ರೀ ಎದ್ದಳು.

“ಕೂತ್ಕೊ ಮಾವ, ಸಾಕು. ನಾನು ಸಿಸ್ಟರ್, ಮೇಘಶ್ರೀ.”

ನಂಜುಂಡೇಶನ ಮುಖವನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಇಸಿಜಿಯ ತಣ್ಣನೆಯ ಮಂಚದ ಮೇಲೆ ಮಲಗಿದ್ದಾಗ ತಲೆಯಲ್ಲಿ ಒಂದೇ ಪ್ರಶ್ನೆ. ಒಂದು ಸಲ ತೆಗೆದದ್ದನ್ನು ಮತ್ತೆ ಯಾಕೆ ತೆಗೀತಾರೆ? ಆ ‘ಹ್ಞೂಂ’ಗೆ ಇದೇ ಅರ್ಥವಾ? ಅಪ್ಪನೂ ಹೀಗೆಯೇ ಅಲ್ಲವೇ, ಒಂದು ದಿನ ಕೊಟ್ಟಿಗೆಯಲ್ಲಿ ಕೂತವನು ಏಳಲೇ ಇಲ್ಲ...

ಹೊರಗೆ ಬಂದಾಗ ಪಕ್ಕದ ಕುರ್ಚಿ ಖಾಲಿ.

“ಎಲ್ಲಿ ಹೋದ್ರು?”

“ಏನೂ ಅನ್ನಲಿಲ್ಲ ಕಣವ್ವ. ಸುಮ್ಕೆ ಎದ್ದು ಓದ್ರು.” ಮರಿಯಣ್ಣನ ಮುಖ ಇಳಿದಿತ್ತು.

“ಹೋಗ್ದೆ ಇನ್ನೇನು? ನೀನೂ ಅಮ್ಮನೂ ಸೇರಿ ನನ್ನನ್ನ ಕದ್ದ ಮಾಲು ಮಾಡಿಬಿಟ್ರಿ. ಇರೋದನ್ನ ಇರೋ ಹಂಗೆ ಹೇಳಿದ್ದಿದ್ರೆ, ಬೇಡ ಅಂದಿದ್ರೂ ಮರ್ಯಾದೆಯಿಂದ ಹೋಗಿರೋರು.”

“ನಿಮ್ಮಪ್ಪ ಇದ್ದಿದ್ರೆ ಸಂದಾಗಿ ಮಾತಾಡೋರು ಮಗ. ನಂಗೆ ಬಾಯಿಗೆ ಬಂದಿದ್ದು ಅದೇಯ.”

ಅದನ್ನು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಅಳುವೂ ಬಂತು. ನೋಡಿದ್ದು ಒಂದೇ ಸಲ. ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾಗಿದ್ದರೂ ಚೆನ್ನಾಗಿದೆ ಅಂತ ತಿಂದವನು. ಅವನು ಹೋದರೆ ಇಷ್ಟೊಂದು ಯಾಕೆ ಕಷ್ಟವಾಗಬೇಕು?

“ಮಾವ, ಒಸಿ ಪಕ್ಕಕ್ಕೆ ಸರೀರಿ.”

ತಲೆ ಎತ್ತಿದಳು. ನಂಜುಂಡೇಶ್! ಅಂಗಿಯ ಗುಂಡಿಗಳು ಮೇಲೆ ಕೆಳಗೆ ಸಿಕ್ಕಿದ್ದವು. ಕತ್ತಿನ ಕೆಳಗೆ ಅಂಟುಪಟ್ಟಿ ಕಿತ್ತ ಹಾಗೆ ದುಂಡಗೆ ಕೆಂಪು ಗುರುತು.

“ಮನೆಗೆ ಫೋನ್ ಮಾಡಿ ಆಯ್ತಾ?” ಅಂದಳು. “ಹುಡುಗಿಗೆ ಎದೆ ರೋಗ ಅಂತ ಹೇಳಿದ್ರಾ? ಏನಂದ್ರು ನಿಮ್ಮವ್ವ?”

“ಮಿಷನ್ ಬಿಚ್ಚಿಸ್ಕೊಂಡು ಬಂದೆ.”

“ಯಾವ ಮಿಷನ್ನು?”

“ನಿನ್ನೆಯಿಂದ ನನ್ನ ಎದೆಗೆ ಕಟ್ಟಿದ್ರು. ಅಂಗಡೀಲಿ ತಲೆ ಸುತ್ತಿ ಬಿದ್ಬುಟ್ಟಿದ್ದೆ. ಬಡಿತ ಎಲ್ಲಾದ್ರೂ ತಪ್ತದಾ ಅಂತ ನೋಡಕ್ಕೆ.” ಅವನು ತಲೆ ತಗ್ಗಿಸಿದ. “ಅರಕಲಗೂಡಲ್ಲಿ ಬ್ಯಾಡ, ಗುರುತಿನೋರು ಇರ್ತಾರೆ, ಹಾಸನಕ್ಕೆ ಹೋಗು ಅಂತು ನಮ್ಮವ್ವ. ಇಲ್ಲಿ ನಿಮ್ಮನ್ನ ಕಂಡು, ನನ್ನನ್ನ ವಿಚಾರಿಸೋಕೇ ಬಂದವ್ರೆ ಅನ್ಕೊಂಡೆ.”

ಮೇಘಶ್ರೀ ನಗಬೇಕೋ ಬೈಯಬೇಕೋ ತಿಳಿಯದೆ ಬೈಯುವುದನ್ನೇ ಆರಿಸಿಕೊಂಡಳು.

“ಹಂಗಾದ್ರೆ ನಮ್ಮ ಮಾವನಿಗೆ ಅಷ್ಟೊತ್ತು ಗಾಳಿ ಬೀಸಿದ್ದು ಯಾಕೆ?”

“ನಾಟಕ ಅಂತ ಗಂಜಿ ಕೆರೆಯೋವಾಗ್ಲೇ ಗೊತ್ತಾಯ್ತು.”

“ಗೊತ್ತಾಗಿ ಇನ್ನೊಂದು ತರ್ಲಾ ಅಂದ್ರಾ?”

“ನಾನು ಬಂದಾಗ ನಿಮ್ಮ ಕೈ ನಡುಗ್ತಿತ್ತು. ಮಾವನ ಮೇಲೆ ರೇಗೋವಾಗ ನಡುಗ್ತಿರಲಿಲ್ಲ. ಅದಕ್ಕೇ... ಇನ್ನೊಸಿ ರೇಗ್ಲಿ ಅಂತ.”

ಅವಳು ಕೈ ನೋಡಿಕೊಂಡಳು. ಈಗಲೂ ನಡುಗುತ್ತಿರಲಿಲ್ಲ. ಅದು ಇನ್ನೂ ಸಿಟ್ಟು ಬರಿಸುವ ವಿಷಯ.

“ನಿಮ್ಮನ್ನ ಬಾಗಿಲಿಂದ ಕಂಡಾಗಿಂದ ಮಿಷನ್ನಲ್ಲಿ ಏನೇನು ಗೀಚ್ಕೊಂಡಿದೆಯೋ” ಅಂದ ಅವನು ಮೆಲ್ಲಗೆ. “ಡಾಕ್ಟ್ರು ನೋಡಿ ಹೆದರ್ಕೊಂಡಾರು.”

“ಇಂಥ ಹೊತ್ತಲ್ಲಿ ಇಂಥ ಮಾತು ಬೇಕಾ?”

“ಇರೋದನ್ನ ಇರೋ ಹಂಗೆ ಹೇಳ್ದೆ.”

ಮರಿಯಣ್ಣ ಆ ಕಡೆ ತಿರುಗಿ ಕೆಮ್ಮಿದ.

ಮೇಘಶ್ರೀ ಹೇಳಿದಳು, “ನಂದು ಕೆಟ್ಟದ್ದು ಬಂದ್ರೆ ಭಾನುವಾರ ಬರ್ಬೇಡಿ. ಬೇಜಾರೇನೂ ಇಲ್ಲ.”

“ಇಲ್ವಾ?”

“...ಇದೆ. ಆದ್ರೂ ಬರ್ಬೇಡಿ.”

ಅವನು ಉತ್ತರ ಹೇಳುವ ಮುಂಚೆ ಒಳಗಿನಿಂದ ಕರೆ ಬಂತು. ಮೇಘಶ್ರೀ ಎದ್ದಳು. ಮರಿಯಣ್ಣ ಎದ್ದ. ನಂಜುಂಡೇಶ್ ಕೂತೇ ಇದ್ದ. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಬನ್ನಿ.”

“ನಾನಾ?”

“ಎಷ್ಟು ಸಲ ಕರೀಬೇಕು ನಿಮ್ಮನ್ನ?”

ಡಾಕ್ಟರು ಕನ್ನಡಕ ಹಾಕಿದ ಹಿರಿಯ ಹೆಂಗಸು. ಮೂವರನ್ನೂ ನೋಡಿ, “ಇವರ್ಯಾರು?” ಅಂತ ನಂಜುಂಡೇಶನ ಕಡೆ ಕೈ ತೋರಿಸಿದರು.

“ಅದೇ ಮೇಡಂ, ಬಸ್ಸಲ್ಲಿ ಸಿಕ್ಕಿದ್ರು...” ಅಂತ ಶುರು ಮಾಡಿದ ಮರಿಯಣ್ಣ.

“ಮಾವ.” ಮೇಘಶ್ರೀ ಅವನನ್ನು ತಡೆದಳು. “ಇನ್ನೂ ಯಾರೂ ಅಲ್ಲ ಮೇಡಂ. ಕೇಳಿಸ್ಕೊಳ್ಳಲಿ. ಯಾರಾಗ್ಬೇಕು ಅಂತ ಆಮೇಲೆ ಅವರೇ ಹೇಳ್ತಾರೆ.”

ಡಾಕ್ಟರು ಎಕೋ ಚಿತ್ರ ತಿರುಗಿಸಿ ತೋರಿಸಿದರು. “ಹೃದಯದಲ್ಲಿ ಬಾಗಿಲ ಥರ ಕವಾಟಗಳಿರ್ತವೆ. ನಿಮ್ಮದರಲ್ಲಿ ಒಂದು ಸರಿಯಾಗಿ ಮುಚ್ಚಲ್ಲ. ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತೆ. ಈಗ ಕಡಿಮೆ ಇದೆ. ಆಪರೇಷನ್ ಬೇಕಿಲ್ಲ.”

“ಇಸಿಜಿ ಮತ್ತೆ ತೆಗೆದ್ರಲ್ಲ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಮೊದಲನೇದು ತೆಗೆಯೋವಾಗ ನೀವು ಅಲ್ಲಾಡಿದ್ರಿ, ಗೀಟು ಸರಿಯಾಗಿ ಬಂದಿರಲಿಲ್ಲ. ಈಗಿಂದು ಸರಿಯಿದೆ. ಭಾರದ ಕ್ಯಾನು ಸದ್ಯಕ್ಕೆ ಎತ್ತಬೇಡಿ. ವರ್ಷಕ್ಕೊಂದ್ಸಲ ಎಕೋ ಮಾಡಿಸ್ತಾ ಇರಿ.”

“ಮದ್ವೆ ಮೇಡಂ?” ಅಂದ ಮರಿಯಣ್ಣ, ಕೈಮುಗಿದುಕೊಂಡೇ.

“ಧಾರಾಳವಾಗಿ ಮಾಡಿ. ಮಗು ಬೇಕು ಅನ್ನೋ ಮುಂಚೆ ಒಂದ್ಸಲ ಬಂದು ನನಗೆ ತೋರಿಸ್ಬೇಕು.”

ಮೇಘಶ್ರೀ ನೆಲ ನೋಡುತ್ತಿದ್ದಳು. ಏನೂ ಇಲ್ಲ ಅಂತ ಅವರು ಹೇಳಲಿಲ್ಲ. ವರ್ಷ ವರ್ಷವೂ ಹೀಗೇ ಬಂದು ಕಾಯಬೇಕು. ಬಾಳಿನುದ್ದಕ್ಕೂ. ಇದಕ್ಕೆ ಯಾರು ಒಪ್ಪುತ್ತಾರೆ...

“ವರ್ಷಕ್ಕೊಂದ್ಸಲ ಅಂದ್ರೆ, ಯಾವ ತಿಂಗಳಲ್ಲಿ ಕರ್ಕೊಂಡು ಬರ್ಬೇಕು ಮೇಡಂ?” ಅಂತ ಕೇಳಿದ ನಂಜುಂಡೇಶ್.

ಡಾಕ್ಟರು ಕನ್ನಡಕದ ಮೇಲಿಂದ ಅವನನ್ನು ನೋಡಿ ನಕ್ಕರು. ಮೇಘಶ್ರೀಗೆ ಏನೂ ಕಾಣಲಿಲ್ಲ. ಕಣ್ಣು ತುಂಬಿಹೋಗಿತ್ತು.

ಹೊರಗೆ ಬಂದ ಮೇಲೆ ಮರಿಯಣ್ಣ, ಅಕ್ಕನಿಗೆ ಏನು ಹೇಳುವುದು ಅಂತ ಗೊಣಗುತ್ತಾ ಔಷಧಿ ತರಲು ಹೋದ. ಇಬ್ಬರೇ ಉಳಿದರು.

“ನಿಮ್ಮ ರಿಪೋರ್ಟು ಯಾವತ್ತು?” ಕಣ್ಣೊರೆಸಿಕೊಂಡು ಕೇಳಿದಳು.

“ಶುಕ್ರವಾರ.”

“ನಾನೂ ಬರ್ತೀನಿ.”

“ಎಲೆಶಾಸ್ತ್ರಕ್ಕೆ ಮುಂಚೆ ಹಿಂಗೆಲ್ಲಾ ಓಡಾಡಿದ್ರೆ ಜನ...”

“ಯಾವ ಬಸ್ಸಿಗೆ ಬರ್ತೀರಿ, ಅದನ್ನ ಹೇಳಿ.”

ಅವನು ಅವಳನ್ನೇ ನೋಡಿದ. ಇಷ್ಟು ಹೊತ್ತು ಮರೆಸಿಟ್ಟಿದ್ದ ಭಯ ಮೊದಲ ಸಲ ಅವನ ಮುಖದಲ್ಲಿ ಕಂಡಿತು. “ಅಲ್ಲ ಮೇಘಶ್ರೀ... ನಂದು ಕೆಟ್ಟದ್ದು ಬಂದ್ರೆ?”

“ಬಸ್ಸು ಯಾವ್ದು ಅಂತ ಕೇಳ್ದೆ.”

“ಬೆಳಿಗ್ಗೆ ಮೊದಲನೇದು.”

ಅವಳು ಕೈ ಚಾಚಿ, ಕತ್ತಿನ ಹತ್ತಿರ ತಪ್ಪಾಗಿ ಸಿಕ್ಕಿದ್ದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದಳು.

“ಬಸ್‌ಸ್ಟ್ಯಾಂಡಲ್ಲೇ ನಿಂತಿರಿ. ನಾನು ಬರೋವರ್ಗೂ ಒಬ್ರೇ ಇಲ್ಲಿ ಬಂದು ಕೂರ್ಬೇಡಿ.”

“ಕೂರಲ್ಲ” ಅಂದ ಅವನು.