ಅಂಟುಗೈಯ ನೋಟ್ಸು

"ಅದ್ಯಾಕಂತೆ? ಮಳೆ ಉಯ್ಯದಿದ್ರೂ ಕಂದಾಯ ಕಟ್ಬೇಕಾ? ಇನ್ನೊಂದ್ಸಲ ಓದಪ್ಪ, ನಂಗೆ ತಿಳೀನಿಲ್ಲ" ಎಂದಳು ರಾಮಮ್ಮ, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

ಮಾದೇಶ ಇತಿಹಾಸ ಪುಸ್ತಕದ ಬ್ರಿಟಿಷ್ ಕಾಲದ ಕಂದಾಯದ ಪಾಠದಿಂದ ತಲೆಯೆತ್ತಿದ. ಅವನು ಓದುತ್ತಿದ್ದದ್ದು ಸೊಪ್ಪು ಕಟ್ಟಲು ಬಂದಿದ್ದ ನೆರೆಮನೆಯ ರಾಮಮ್ಮನಿಗಲ್ಲ, ಅವಳ ಪಕ್ಕದಲ್ಲಿ ಕೂತು ಹೊಗೆಸೊಪ್ಪು ಕಟ್ಟುತ್ತಿದ್ದ ಮಧುಶ್ರೀಗೆ. ಉತ್ತರ ಕೊಟ್ಟವಳೂ ಮಧುಶ್ರೀಯೇ.

"ಮಳೆ ಉಯ್ಲಿ ಬುಡ್ಲಿ, ಜಮೀನ್ದಾರ ಸರ್ಕಾರಕ್ಕೆ ಕಟ್ಟೋದು ಒಂದೇ ಲೆಕ್ಕ ಕಣತ್ತೆ. ಅವನು ರೈತನತ್ರ ಎಷ್ಟು ಕಿತ್ಕಂಡ ಅಂತ ಯಾರೂ ಕೇಳಕಿಲ್ಲ. ಸರ್ಕಾರ ನೆಮ್ಮದಿ, ಜಮೀನ್ದಾರ ನೆಮ್ಮದಿ, ಉತ್ತೋನು ಬೀದಿಪಾಲು."

"ಅಂಗನ್ನು ಮತ್ತೆ" ಎಂದು ರಾಮಮ್ಮ ದಾರ ಬಿಟ್ಟಳು. ಮಾದೇಶ ಮಧುಶ್ರೀ ಅಂದದ್ದನ್ನು ಹಾಳೆಯ ಮೇಲೆ ಗೀಚಿಕೊಂಡ.

ತೊಂಬತ್ತೇಳರ ಶ್ರಾವಣ. ಗಾವಡಗೆರೆ ಪಕ್ಕದ ಊರು, ಚಾಮಯ್ಯನವರು ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಬ್ಯಾರನ್ನಿನ ಮುಂದಿನ ಚಪ್ಪರ. ಬೆಳಿಗ್ಗೆ ಕಿತ್ತ ಹಸಿ ಸೊಪ್ಪನ್ನು ಬಿದಿರುಕಡ್ಡಿಗೆ ಕಟ್ಟಿದರೆ ಸಂಜೆಗೆ ಬ್ಯಾರನ್ನಿಗೆ ಏರಿಸಬಹುದು. ಚಾಮಯ್ಯನವರ ಮಗಳು ಮಧುಶ್ರೀ, ಆಚೆ ಊರಿನ ಮಾದೇಶ, ಇಬ್ಬರೂ ಸೆಕೆಂಡ್ ಪಿಯುಸಿ ಇತಿಹಾಸದಲ್ಲಿ ಫೇಲಾದವರು. ಹುಣಸೂರಿನ ಟ್ಯುಟೋರಿಯಲ್ಲಿನ ವೀರಭದ್ರಸ್ವಾಮಿ ಮೇಷ್ಟ್ರು ಇಬ್ಬರಿಗೂ ಸೇರಿಸಿ ತಮ್ಮ ಒಂದೇ ಪುಸ್ತಕ ಕೊಟ್ಟು, ಒಂದು ಕಲೆಯೂ ಆಗದಂತೆ ವಾಪಸು ತರಬೇಕು ಎಂದಿದ್ದರು. ಸಪ್ಲಿಮೆಂಟರಿಯಲ್ಲಿ ಇಬ್ಬರೂ ಪಾಸಾದರು ಎಂಬುದನ್ನು ಈಗಲೇ ಹೇಳಿಬಿಡಬಹುದು. ಈ ಕಥೆಯ ಆತಂಕ ಅದರದ್ದಲ್ಲ.

ಹಸಿ ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಮಧುಶ್ರೀ ಆ ಕೈಯಲ್ಲಿ ಮೇಷ್ಟ್ರ ಪುಸ್ತಕ ಮುಟ್ಟಲಾರಳು. ನೀವು ಓದಿ, ನಾನು ಕೇಳ್ಕತೀನಿ ಎಂದು ಅವಳೇ ಹೇಳಿದ್ದಳು. ಹಾಗಾಗಿ ಮಧ್ಯಾಹ್ನವಾದರೆ ಮಾದೇಶನ ಸೈಕಲ್ಲು ಚಪ್ಪರದ ಕಂಬಕ್ಕೆ ಒರಗುತ್ತಿತ್ತು.

ಮಾದೇಶನ ಬಳಿ ಹಿಂದಿನ ವರ್ಷದ ನೋಟ್ಸಿತ್ತು. ಇಡೀ ಪುಸ್ತಕವನ್ನು ಮುತ್ತಿನಂಥ ಅಕ್ಷರದಲ್ಲಿ, ತಲೆಬರಹಕ್ಕೆ ಕೆಂಪು ಶಾಯಿ ಹಾಕಿ ನಕಲು ಮಾಡಿದ್ದ. ಪರೀಕ್ಷೆಯಲ್ಲಿ ಮೊದಲ ಪದ ಮರೆತದ್ದೇ ತಡ, ಪುಟವೇ ಮಾಯವಾಗಿತ್ತು. ಚಪ್ಪರದ ಕೆಳಗೆ ಬೇರೆ ದಾರಿ ತಾನಾಗಿ ಹುಟ್ಟಿತು. ಅವನು ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚುತ್ತಿದ್ದ. ಅವಳು ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ಅವಳು ಹೇಳಿದ್ದಷ್ಟೇ ಹಾಳೆಗೆ ಇಳಿಯುತ್ತಿತ್ತು, ಎಡಗಡೆ ಬಿಟ್ಟ ಅಂಚಿನಲ್ಲಿ ರಾಮಮ್ಮನ ಪ್ರಶ್ನೆಗಳು: ಯಾಕಂತೆ? ಆಮೇಲೆ? ಮರುದಿನ ಬಲಗಡೆಯ ಉತ್ತರಗಳನ್ನು ಅಂಗೈಯಲ್ಲಿ ಮುಚ್ಚಿ ಆ ಪ್ರಶ್ನೆಗಳನ್ನೇ ಕೇಳುತ್ತಿದ್ದ. ಅವಳು ತಪ್ಪುತ್ತಿರಲಿಲ್ಲ.

ತಪ್ಪುತ್ತಿದ್ದವನು ಅವನು. ಅವಳ ಕೂದಲ ಎಳೆಯೊಂದು ಕೆನ್ನೆಗೆ ಜಾರುತ್ತಿತ್ತು. ಅಂಟುಗೈಯಲ್ಲಿ ಸರಿಸಲಾಗದೆ ಅವಳು ಭುಜ ಎತ್ತಿ, ಕತ್ತು ಓರೆ ಮಾಡಿ ಅದನ್ನು ಹಿಂದಕ್ಕೆ ತಳ್ಳುವಳು. ಎಳೆ ಮತ್ತೆ ಜಾರುವುದು. ಅಷ್ಟರಲ್ಲಿ ಮಾದೇಶ ಓದಿದ್ದನ್ನೇ ಓದುತ್ತಿರುವನು.

"ಗೆರೆ ತಪ್ಪಿತು ಅನ್ಸುತ್ತೆ" ಎನ್ನುವಳು ಮಧುಶ್ರೀ, ಸೊಪ್ಪಿನಿಂದ ಕಣ್ಣೆತ್ತದೆ. ತುಟಿಯ ಕೊನೆಯಲ್ಲಿ ಸಣ್ಣ ನಗೆ.

ಗೌರಿಹಬ್ಬಕ್ಕೆ ಸೊಪ್ಪು ಕೀಳಲಿಲ್ಲ. ಕೈ ಬಿಡುವಾಗಿದ್ದ ಮಧುಶ್ರೀ ಮಾದೇಶ ಪುಸ್ತಕವಾಗಿ ಹೊಲಿಸಿ ತಂದಿದ್ದ ಚಪ್ಪರದಡಿಯ ನೋಟ್ಸನ್ನು ಅಂದೇ ಮೊದಲು ತಾನೇ ತೆರೆದಳು. 'ತತ್ಫಲವಾಗಿ ಕೃಷಿಕ ವರ್ಗವು ತೀವ್ರ ಶೋಷಣೆಗೆ ಒಳಗಾಯಿತು' ಎಂದಿತ್ತು. ಪುಟ ತಿರುವಿದಳು, ಎಲ್ಲವೂ ಹಾಗೆಯೇ. ಮುಚ್ಚಿ ನೆನೆದರೆ ಒಂದು ಸಾಲೂ ಬಾಯಿಗೆ ಬರಲಿಲ್ಲ.

ಮರುದಿನ ಬಂದವನನ್ನು ಇದು ಯಾರ ನೋಟ್ಸು ಎಂದು ಕೇಳಿದಳು. ನಿಮ್ಮದೇ, ಮನೆಯಲ್ಲಿ ಕೂತು ಫೇರ್ ಮಾಡಿದೆ ಎಂದ ಮಾದೇಶ. ಪೇಪರ್ ತಿದ್ದುವವರು ಬೀದಿಪಾಲು ಗೀದಿಪಾಲು ಒಪ್ಪುವುದಿಲ್ಲ ಎಂದೂ ಸೇರಿಸಿದ.

"ಬೋರ್ಡಿನೋರ್ನ ಬುಡಿ. ನಾನು ಮಾತಾಡೋ ರೀತಿ ನಿಮ್ಗೆ ನಾಚ್ಕೆಯಾ?"

ಅವನು ಪುಸ್ತಕ ಬಿಡಿಸಿ ಮುಂದಿನ ಪಾಠ ಹುಡುಕತೊಡಗಿದ. ಅವಳಿಗೆ ಅದೇ ಉತ್ತರವಾಯಿತು. ನಾಳೆಯಿಂದ ಬರಬೇಡಿ ಎಂದಳು. ಪುಸ್ತಕವೂ ಅವನೊಂದಿಗೇ ಹೋಯಿತು.

ಮನೆಯಲ್ಲಿ ಮಾದೇಶ ಫೇರ್ ಕಾಪಿ ಹಿಡಿದು ಓದಿದ, ಮುಚ್ಚಿದ, ನೆನೆದ. ತತ್ಫಲವಾಗಿ ಎಂಬುದರ ಮುಂದೆ ಏನೂ ಬರಲಿಲ್ಲ. ಬಂದದ್ದು ಉತ್ತೋನು ಬೀದಿಪಾಲು ಎಂಬ ದನಿ, ಅದರ ಹಿಂದೆಯೇ ಓರೆಯಾದ ಕತ್ತು. ಮಂಚದಡಿ ಎಸೆದಿದ್ದ ಗೀಚುಹಾಳೆಗಳನ್ನು ಹುಡುಕಿ ಜೋಡಿಸಿದ. ಪರೀಕ್ಷೆಗೆ ವಾರವಿರುವಾಗ ಸೈಕಲ್ಲು ಮತ್ತೆ ಕಂಬಕ್ಕೆ ಒರಗಿತು.

ರಾಮಮ್ಮ ಅವನನ್ನು ಕಂಡು, ನೀ ಬರೋದು ಬುಟ್ಟಾಗಿಂದ ಈ ಹುಡುಗಿ ದಾರ ಕಿತ್ತು ಕಿತ್ತು ಹಾಕ್ತಾವ್ಳೆ, ನಿನ್ನಿಂದ ನನಗೆ ದಂಡ ಎಂದಳು. ಮಧುಶ್ರೀ ಇನ್ನೊಂದು ದಾರ ಕಿತ್ತಳು. ಮಾದೇಶ ಆ ಗೀಚುಹಾಳೆಗಳನ್ನು ಅವಳಿಗೆ ಕಾಣುವಂತೆ ಚಾಪೆಯ ಮೇಲಿಟ್ಟು ಪುಸ್ತಕ ಬಿಡಿಸಿದ.

"ಮುಚ್ಚಿ ಹೇಳಿ" ಎಂದಳು.

ಅವನು ಮುಚ್ಚಿದ. ಇಡೀ ಪಾಠ ಹೇಳಿದ. ಮಳೆ ಉಯ್ದದ್ದು, ಉಯ್ಯದ್ದು, ಕಿತ್ತುಕೊಂಡದ್ದು, ಅವಳು ತಡೆದು ನಿಲ್ಲುವ ಕಡೆ ತಾನೂ ನಿಂತು.

"ಅದು ನನ್ ಮಾತು."

"ಊಂ. ಪುಸ್ತಕ ಮುಚ್ಚಿದ್ರೆ ನಿನ್ ದನೀಲೇ ಬತ್ತದೆ. ನಂದು ಅನ್ನೋದು ಒಂದು ಗೆರೇನೂ ಬರಕಿಲ್ಲ."

"ಯಾಕಂತೆ?" ಈ ಸಲ ಕೇಳಿದವಳು ಮಧುಶ್ರೀ.

ಮಾದೇಶ ಪುಸ್ತಕದ ರಟ್ಟನ್ನು ನೋಡುತ್ತ ಹೇಳಿದ. "ಇತಿಹಾಸ ಒಂದೇ ಅಲ್ಲ. ಸೈಕಲ್ ತುಳಿಯೋವಾಗ್ಲೂ ಅದೇ ದನಿ, ಉಣ್ಣೋವಾಗ್ಲೂ ಅದೇಯ. ನಾಚ್ಕೆ ಆಗ್ಬೇಕಾದ್ದು ನನ್ ಫೇರ್ ಕಾಪಿಗೆ. ಪರೀಕ್ಷೆ ಮುಗುದ್ಮೇಲೂ ಈ ದನಿ ನಂಗೆ ಬೇಕು."

"ಆಮೇಲೆ?" ಎಂದಳು ರಾಮಮ್ಮ, ದಾರ ಕಚ್ಚಿಕೊಂಡೇ.

"ಆಮೇಲಿಂದು ನಾನೇಳ್ತೀನಿ ಕಣತ್ತೆ" ಎಂದಳು ಮಧುಶ್ರೀ. "ನನ್ ಮಾತ ತಿದ್ದಕಿಲ್ಲ ಅನ್ನೋದಾದ್ರೆ ಅಪ್ಪನ ಕೇಳ್ಲಿ. ತಿದ್ದೋದಾದ್ರೆ ಸೈಕಲ್ಲು ಅಲ್ಲೈತೆ."

"ತಿದ್ದಕಿಲ್ಲ."

ಗಾಳಿಗೆ ಅವನ ತೊಡೆಯ ಮೇಲಿನ ಪುಸ್ತಕ ತೆರೆದುಕೊಂಡು ಹಾಳೆಗಳು ಪಟಪಟ ಮಗುಚಿದವು. ಮಧುಶ್ರೀ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, ಬಾಗಿ, ಅದನ್ನು ತಾನೇ ಮುಚ್ಚಿದಳು. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮೇಷ್ಟ್ರ ಪುಸ್ತಕದ ಬಿಳಿ ರಟ್ಟಿನ ಮೇಲೆ ಐದೂ ಬೆರಳು ಕಪ್ಪಗೆ ಮೂಡಿದ್ದವು.